ಹೆರೆಮಣೆಯ ಚಿತ್ರವನ್ನು ಯಾರೂ ತೋರಿಸಲಿಲ್ಲ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆ ಕಾಯಿ ತುರಿಯಲು ಕುಳಿತಿದ್ದ ಹೆರೆಮಣೆಯ ಕಡೆ ಬೆರಳು ಮಾಡಿದರು. "ಅದು... ಅದು... ನಾರಿಯಲ್..." ಎಂದರು. ಮುಂದೆ ಮಾತು ಹೊರಡಲಿಲ್ಲ. "ಹೆರೆಮಣೆ" ಎಂದು ಅತ್ತೆ ಮೆಲ್ಲಗೆ ಹೇಳಿಕೊಟ್ಟರು. ಮಾವ ಎರಡು ಸಲ ತುಟಿ ಆಡಿಸಿದರು, ಆಮೇಲೆ ಮುಖ ತಿರುಗಿಸಿಕೊಂಡು ಒಳಗೆ ಹೋಗಿಬಿಟ್ಟರು.

ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು, ಮಾಟುಂಗದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ನಲವತ್ತು ವರ್ಷ ಕಳೆದವರು ಅವರು. ಗಿರಾಕಿಗಳ ಜೊತೆ ಹಿಂದಿ, ತರಕಾರಿಯವನ ಜೊತೆ ಮರಾಠಿ, ಮನೆಯಲ್ಲಿ ಕನ್ನಡ. ಮೆದುಳಿನ ಎಡಭಾಗದಲ್ಲಿ ಗೆಡ್ಡೆ ಬೆಳೆದಿತ್ತು. ಅದರ ಬಹುಪಾಲನ್ನು ತೆಗೆದ ವೈದ್ಯರ ಕೈಗೆ ನಾನು ಇಂದಿಗೂ ಮುಗಿಯುತ್ತೇನೆ. ಆದರೆ ಶಸ್ತ್ರಚಿಕಿತ್ಸೆಯ ನಡುವೆ ಮಾವನಿಗೆ ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆ ನಡೆದದ್ದು ಹಿಂದಿಯಲ್ಲಿ. ಮನೆಯಲ್ಲಿ ಯಾವ ಭಾಷೆ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ನಾವೂ ಬಾಯಿ ಬಿಡಲಿಲ್ಲ. ಈ ಸಂಕಟವೇ ನನ್ನನ್ನು ಇಂದು ಮಾತಾಡಿಸುತ್ತಿದೆ.

ಮಾವನಿಗೆ ಮಾಡಿದ್ದು ಎಚ್ಚರದಲ್ಲಿಟ್ಟು ಮಾಡುವ ಶಸ್ತ್ರಚಿಕಿತ್ಸೆ. ಕೇಳಿದರೆ ಎದೆ ನಡುಗುತ್ತದೆ. ಆದರೆ ಮೆದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ತಲೆಯ ಚರ್ಮ ಮತ್ತು ಮೆದುಳಿನ ಹೊದಿಕೆಯನ್ನು ಮರಗಟ್ಟಿಸಿದರೆ ಸಾಕು. ರೋಗಿ ಒಂದೊಂದೇ ಚಿತ್ರ ನೋಡಿ ಹೆಸರು ಹೇಳುತ್ತಿರುವಾಗ ವೈದ್ಯರು ಮೆದುಳಿನ ಮೇಲೆ ಅಲ್ಲಲ್ಲಿ ಅತಿ ಸಣ್ಣ ವಿದ್ಯುತ್ ಮುಟ್ಟಿಸುತ್ತಾರೆ. ಯಾವ ಜಾಗದಲ್ಲಿ ಮಾತು ತಡವರಿಸುತ್ತದೋ ಅಲ್ಲಿಗೆ ಕತ್ತರಿ ಹೋಗಬಾರದು. ಮಾಂಟ್ರಿಯಲ್‌ನಲ್ಲಿ ಮೆದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲೇ ಈ ದಾರಿ ತೋರಿಸಿಕೊಟ್ಟರು. ಮಾತಿನ ಜಾಗ ಎಲ್ಲರಲ್ಲೂ ಒಂದೇ ಕಡೆ ಇರುವುದಿಲ್ಲ, ಹುಡುಕಿಯೇ ತಿಳಿಯಬೇಕು.

ನನ್ನನ್ನು ಕೊರೆಯುವ ಮಾತು ಇನ್ನೊಂದಿದೆ. ಎರಡು ಭಾಷೆ ಬಲ್ಲವರ ಮೆದುಳಿನಲ್ಲಿ ಕೆಲವು ಜಾಗಗಳನ್ನು ಮುಟ್ಟಿದರೆ ಒಂದು ಭಾಷೆ ಮಾತ್ರ ನಿಲ್ಲುತ್ತದೆ, ಇನ್ನೊಂದು ಸಲೀಸಾಗಿ ನಡೆಯುತ್ತದೆ ಎಂದು ಸಂಶೋಧಕರಾದ ಜಾರ್ಜ್ ಓಜೆಮನ್ ಮತ್ತು ಹ್ಯಾರಿ ವಿಟೇಕರ್ 1978ರಲ್ಲೇ ಬರೆದಿದ್ದಾರೆ. ಹಿಂದಿಯನ್ನು ಕಾಪಾಡಿದ ಮಾತ್ರಕ್ಕೆ ಕನ್ನಡ ಉಳಿಯಿತು ಎಂದು ಹೇಳುವಂತಿಲ್ಲ. ಮಾವನಿಗೆ ಆದದ್ದು ಇದರಿಂದಲೇ ಎಂದು ನಾನು ಹೇಳಲಾರೆ. ಶಸ್ತ್ರಚಿಕಿತ್ಸೆಯ ನಂತರದ ಬಾವಿನಿಂದಲೂ ಮಾತು ಕಟ್ಟುತ್ತದೆ, ವಾರಗಳು ಕಳೆದಂತೆ ಎಷ್ಟೋ ಮಾತು ಮರಳಿ ಬರುತ್ತದೆ. ಅವರಿಗೂ ಒಂದಿಷ್ಟು ಬಂದಿದೆ. ಆದರೂ ಕನ್ನಡದಲ್ಲಿ ಪರೀಕ್ಷೆ ಆಗಬೇಕಿತ್ತು.

ರೋಗಿಯ ಸ್ಥಿತಿಯನ್ನು ಅಳೆಯಲು ಕಾರ್ನೋಫ್‌ಸ್ಕಿ ಎಂಬ ಅಳತೆ ಇದೆ, ಸೊನ್ನೆಯಿಂದ 100ರವರೆಗೆ. ಸ್ನಾನ, ಊಟ, ಓಡಾಟ, ಕೆಲಸ ಎಲ್ಲ ಅದರಲ್ಲಿ ಬರುತ್ತದೆ. ಮಾವ ಅಲ್ಲಿ ಒಳ್ಳೆಯ ಅಂಕವನ್ನೇ ಪಡೆಯುತ್ತಾರೆ. ಹೆಂಡತಿಯೊಂದಿಗೆ ಜಗಳವಾಡಲು ಮಾತು ಸಿಗದವನಿಗೆ ಎಷ್ಟು ಅಂಕ ಕಳೆಯಬೇಕು? ನಿಧಾನವಾಗಿ ಬೆಳೆಯುವ ಗೆಡ್ಡೆಯಾದರೆ ವರ್ಷಗಟ್ಟಲೆ ಬದುಕು ಮುಂದಿರುತ್ತದೆ. ಆ ವರ್ಷಗಳನ್ನು ಯಾವ ಭಾಷೆಯಲ್ಲಿ ಕಳೆಯುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ.

ಹೊರಗೆ ಕಾಯುವ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, "ಪೂರ್ತಿ ತೆಗೆದರಾ?" ಹೆಚ್ಚು ತೆಗೆದಷ್ಟು ಆಯುಷ್ಯ ಹೆಚ್ಚುವ ಸಾಧ್ಯತೆ ಇದೆ, ನಿಜ. ಆದರೆ ಮಾತು ಉಳಿಯಲೆಂದು ಸ್ವಲ್ಪ ಗೆಡ್ಡೆಯನ್ನು ಬೇಕೆಂದೇ ಬಿಟ್ಟ ವೈದ್ಯರನ್ನು ಸೋತವರಂತೆ ನೋಡಬೇಡಿ. ಯಾವುದು ಉಳಿಯಬೇಕು ಎಂದು ರೋಗಿಯನ್ನೇ ಮೊದಲು ಕೇಳಿ. ಒಬ್ಬರಿಗೆ ಮಾತು, ಇನ್ನೊಬ್ಬರಿಗೆ ಬಲಗೈ, ಮತ್ತೊಬ್ಬರಿಗೆ ಲೆಕ್ಕ.

ಮುಂಬೈ ಕಡೆಯ ಪರೇಲ್‌ಗೋ ಖಾರ್ಘರ್‌ಗೋ ಚಿಕಿತ್ಸೆಗೆ ಹೋಗುವ ಕನ್ನಡಿಗರೇ, ಮೊದಲ ಭೇಟಿಯಲ್ಲೇ ಹೇಳಿಬಿಡಿ: ನಮ್ಮ ಮನೆಮಾತು ಕನ್ನಡ, ಪರೀಕ್ಷೆ ಅದರಲ್ಲೂ ಆಗಲಿ. ಭಾಷೆ ಬಲ್ಲ ದಾದಿಯೋ ವೈದ್ಯರೋ ಅದೇ ಆಸ್ಪತ್ರೆಯಲ್ಲಿ ಇರಬಹುದು, ವಿಚಾರಿಸಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂತಹ ಸಂಸ್ಥೆಗಳು ಇದಕ್ಕಾಗಿ ನಾಲ್ಕು ಜನರನ್ನು ಸಿದ್ಧಪಡಿಸಲಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ನಮ್ಮ ಮನೆಯ ಸಾಮಾನುಗಳ ಚಿತ್ರಗಳನ್ನು ತೆಗೆಯಲು ಶುರುಮಾಡಿದ್ದೇನೆ. ಕಡೆಗೋಲು, ಗಿಂಡಿ, ದೋಸೆಕಾವಲಿ, ಚಾಪೆ, ಮೊರ. ಮಾವ ದಿನಾ ಸಂಜೆ ಅವನ್ನು ನೋಡಿ ಒಂದೊಂದಾಗಿ ಹೆಸರು ಹೇಳುತ್ತಾರೆ. ಬೇಕಾದವರು ಕೇಳಿ, ಕಳುಹಿಸಿಕೊಡುತ್ತೇನೆ. ವೈದ್ಯರ ಕೈಗೆ ಕೊಡಿ.