ಟ್ಯಾಬ್ ಹಿಡಿದು ಹೊಳೆದಂಡೆಗೆ

ಎಲ್ಲ ಮಾಸ್ತರರಿಗೂ ಅಕ್ಕೋರುಗಳಿಗೂ ನಮಸ್ಕಾರ. ಬೆಳಿಗ್ಗೆ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆ. ತರಗತಿಯಲ್ಲಿ ಟ್ಯಾಬ್ ಮತ್ತು ಆ್ಯಪ್ ಬಳಸುವ ಬಗ್ಗೆ ಮಾತಾಡಿ ಅಂದಿದ್ದಾರೆ. ನಾಲ್ಕು ವಿಷಯ ಗುರುತು ಹಾಕಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಹೊತ್ತು ಬೇಕು.

ಟ್ಯಾಬ್ ಕೈಗೆ ಬಂದರೆ ಮಕ್ಕಳು ಅದರಿಂದ ಏನಾದರೂ ಮಾಡಬೇಕು. ಸುಮ್ನೆ ನೋಡುತ್ತಾ ಕೂತರೆ ಅದು ಇನ್ನೊಂದು ಟಿವಿ, ಅಷ್ಟೇ.

ನಮ್ಮದು ಅಘನಾಶಿನಿ ದಂಡೆಯ ಶಾಲೆ. ಇಲ್ಲೇ ನಿಮ್ಮ ಶಂಕರಹೊಂಡದಲ್ಲಿ ಹುಟ್ಟುವ ಅದರ ನೀರು ಹರಿದು ಹರಿದು ಹೊಳೆಬಾಯಿಯ ತಗ್ಗಿನಲ್ಲಿರುವ ನಮ್ಮ ಗಜನಿ ಗದ್ದೆಯ ಹತ್ತಿರ ಉಪ್ಪುನೀರಿಗೆ ಸೇರುತ್ತದೆ. ದಾನಿಗಳೊಬ್ಬರು ಆರು ಟ್ಯಾಬ್ ಕೊಟ್ಟರು. ಮೊದಲ ಕೆಲವು ತಿಂಗಳು ನಾನು ವಿಡಿಯೋ ಹಾಕಿದೆ. ತರಗತಿ ತಣ್ಣಗೆ ಕೂತು ನೋಡುತ್ತಿತ್ತು. ಮಕ್ಕಳು ಕಲಿಯುತ್ತಿದ್ದಾರೆ ಅಂತಲೇ ನಂಬಿದ್ದೆ. ವಾರ ಬಿಟ್ಟು ಅದೇ ಪಾಠದ ಪ್ರಶ್ನೆ ಕೇಳಿದರೆ ಒಂದು ಕೈಯೂ ಮೇಲೇಳಲಿಲ್ಲ.

ಒಂದು ದಿನ ಉಬ್ಬರ ಇಳಿತದ ಪಾಠ. ಭೂಮಿ, ಚಂದ್ರ ಸುತ್ತುವ ಚೆಂದದ ಅನಿಮೇಷನ್ ತೋರಿಸಿದೆ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು. ಅಲ್ಲಿಯವರೆಗೆ ಹಾಜರಿ ಕರೆದಾಗ ಬಿಟ್ಟರೆ ಅವಳ ದನಿ ಕೇಳಿದವಳಲ್ಲ ನಾನು. ‘ಅಕ್ಕೋರೇ, ನಮ್ಮ ಆಯಿ ಬಳಚು ತೆಗೆಯೋಕೆ ದಿನಾ ಬೇರೆ ಬೇರೆ ಹೊತ್ತಿಗೆ ಹೋಗೋದು ಯಾಕೆ?’

ಬಳಚು ಅಂದರೆ ಹೊಳೆಯ ಚಿಪ್ಪುಮೀನು. ನೀರು ಇಳಿದಾಗ ಹೋಗುತ್ತಾರೆ, ಅದು ಗೊತ್ತು. ಆದರೆ ನೀರು ದಿನಾ ಒಂದೇ ಹೊತ್ತಿಗೆ ಯಾಕೆ ಇಳಿಯುವುದಿಲ್ಲ? ಉತ್ತರ ಹೇಳಿಬಿಡಬಹುದಿತ್ತು. ನಾಳೆಯಿಂದ ಅಳೆಯೋಣ ಅಂದೆ.

ಒಂದು ಬಿದಿರಿನ ಗಳ ತಂದೆವು. ಗೇಣಿಗೊಂದು ಕೆಂಪು ಪಟ್ಟೆ ಬಳಿದು ಜಂತ್ರಡಿ, ಅಂದರೆ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಹೊಳೆಯಲ್ಲಿ ಹುಗಿದೆವು. ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್. ಹತ್ತು ನಿಮಿಷಕ್ಕೊಂದು ಫೋಟೋ. ತೆಗೆದ ಗಂಟೆ, ನಿಮಿಷ ಫೋಟೋದ ವಿವರದಲ್ಲೇ ಇರುತ್ತದಲ್ವಾ? ಮಕ್ಕಳು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ನೀರು ಯಾವ ಪಟ್ಟೆ ಮುಟ್ಟಿದೆ ಅಂತ ನೋಡಿ ಪಟ್ಟಿಗೆ ತುಂಬುತ್ತಿದ್ದರು. ‘ಮೂರನೇ ಪಟ್ಟೆ’, ‘ಅಲ್ಲವೋ, ತೆರೆ ಬಂದದ್ದು ಅದು, ಮುಂದಿನ ಫೋಟೋ ನೋಡು’. ಆ ಜಗಳ ಕೇಳಬೇಕಿತ್ತು ನೀವು!

ಮೊದಲ ದಿನ ಹತ್ತೂ ಕಾಲಿಗೆ ನೀರು ಪೂರ್ತಿ ಇಳಿದಿತ್ತು. ಮರುದಿನ ಹನ್ನೊಂದು ದಾಟಿತು. ಮೂರನೇ ದಿನ ಹನ್ನೆರಡರ ಹತ್ತಿರ. ದಿನಕ್ಕೆ ಸುಮಾರು 50 ನಿಮಿಷ ತಡ ಅಂತ ಲೆಕ್ಕ ಹಾಕಿದ್ದು ಮಕ್ಕಳೇ. ಆಮೇಲೆ ಅದೇ ಹಳೇ ಅನಿಮೇಷನ್ ಮತ್ತೆ ಹಾಕಿದೆ. ಈಗ ಯಾರೂ ತಣ್ಣಗಿರಲಿಲ್ಲ. ‘ನಿಲ್ಲಿಸಿ, ಹಿಂದೆ ಹೋಗಿ’ ಎಂದು ಕೂಗಿದರು. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತಾನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಮತ್ತೆ ಅವನ ಎದುರು ಬರಲು ಭೂಮಿ ಇನ್ನೂ 50 ನಿಮಿಷದಷ್ಟು ತಿರುಗಬೇಕು. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದವಳು ಅದೇ ಹುಡುಗಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಇಳಿಯುತ್ತದೆ, ಆಗ ಬಳಚೂ ಜಾಸ್ತಿ ಸಿಗುತ್ತದೆ ಅಂತ ಅವಳ ಆಯಿ ಹೇಳಿದ್ದೂ ಪಟ್ಟಿಯ ಪಕ್ಕ ಬಂತು.

ಅನಿಮೇಷನ್ ಬದಲಾಗಲಿಲ್ಲ. ಮೊದಲು ಮಕ್ಕಳ ಹತ್ತಿರ ಪ್ರಶ್ನೆ ಇರಲಿಲ್ಲ, ಈಗ ಇತ್ತು.

ಇಂಥದ್ದೇ ಪಾಠ ಪೆರು ದೇಶ ದೊಡ್ಡ ಮಟ್ಟದಲ್ಲಿ ಕಲಿಯಿತು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಯಂತ್ರ ಹಂಚಿದರು. 319 ಶಾಲೆಗಳನ್ನು ನೋಡಿ 2012ರಲ್ಲಿ ವರದಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಯಂತ್ರ ತಲುಪಿತ್ತು. ಅದರಿಂದ ಪಾಠ ಹೇಗೆ ಮಾಡಬೇಕೆಂಬುದು ಶಿಕ್ಷಕರಿಗೆ ಸರಿಯಾಗಿ ತಲುಪಿರಲಿಲ್ಲ. ನಮ್ಮ ಜಿಲ್ಲೆಯಲ್ಲೂ ಟ್ಯಾಬ್ ಕೊಡುವವರು ತರಬೇತಿಯನ್ನೂ ಕೊಡಲಿ ಅಂತ ನಾವೆಲ್ಲ ಸೇರಿ ಕೇಳಬೇಕು.

ಎರಡನೆಯದು ನೆಟ್‌ವರ್ಕ್. ಜೋಯಿಡಾ, ಸಿದ್ದಾಪುರ ಕಡೆಯವರು ಕೈ ಎತ್ತುವ ಮೊದಲೇ ಹೇಳುತ್ತೇನೆ. ಕೊರೊನಾ ಹೊತ್ತಲ್ಲಿ ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದು ಇನ್ನೂ ಕಣ್ಣ ಮುಂದಿದೆ. ಫೆಟ್ ಎಂಬ ಪರದೆ ಮೇಲಿನ ವಿಜ್ಞಾನ ಪ್ರಯೋಗಗಳನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಹಲವು ಕನ್ನಡದಲ್ಲೂ ಇವೆ. ರೇಖಾಗಣಿತಕ್ಕೆ ಜಿಯೋಜೀಬ್ರಾ ಆ್ಯಪ್ ಹಾಗೇ ನಡೆಯುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನ ಪಾಠಗಳನ್ನೂ ಪೇಟೆಗೆ ಬಂದಾಗ ಇಳಿಸಿಟ್ಟುಕೊಳ್ಳಿ. ಕ್ಯಾಮೆರಾಕ್ಕಂತೂ ಏನೂ ಬೇಡ.

ಚೀಟಿ ಬಂತು, ಐದು ನಿಮಿಷ ಅಂತೆ. ಮೂರನೆಯದು ಬೇಗ ಹೇಳಿಬಿಡುತ್ತೇನೆ. ಮಗುವಿಗೊಂದು ಟ್ಯಾಬ್ ಇಲ್ಲ ಅಂತ ಕೊರಗಬೇಡಿ. ನಾಲ್ವರ ನಡುವೆ ಒಂದಿದ್ದರೆ ಮಾತು ಹುಟ್ಟುತ್ತದೆ. ಆದರೆ ಹಿಡಿಯುವ ಕೈ ದಿನಾ ಬದಲಾಗಲಿ, ಇಲ್ಲದಿದ್ದರೆ ಜೋರಿನ ಹುಡುಗನೇ ಹಿಡಿದುಕೊಂಡು ಕೂರುತ್ತಾನೆ.

ನಾಲ್ಕನೆಯದು ಮಳೆಗಾಲದಲ್ಲಿ ಕರೆಂಟು, ಚಾರ್ಜಿಂಗ್. ಅದು ಊಟದ ಹೊತ್ತಿಗಿರಲಿ. ಮಕ್ಕಳ ಪಟ್ಟಿ, ಫೋಟೋ ಇರುವ ಎರಡು ಟ್ಯಾಬ್ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಮೂರನೇ ದಿನದ್ದನ್ನು ತೆರೆದು ನೋಡಿ. ಗಳದ ಹಿಂದೆ ಸೊಂಟಮಟ್ಟ ನೀರಲ್ಲಿ ಬುಟ್ಟಿ ಹಿಡಿದು ನಿಂತವರು ಆ ಹುಡುಗಿಯ ಆಯಿ.