ಮಾಸಿತು ಅಂದರೆ ಏನಾಯಿತು?

ಕೇಳುಗರಿಗೆ ನಮಸ್ಕಾರ.

ಬಿಳಿ ಪಂಚೆ ಮಾಸಿದೆ ಅಂದರೆ ಕೊಳೆ ಹತ್ತಿದೆ ಅಂತ ಅರ್ಥ. ನೀಲಿ ಸೀರೆ ಮಾಸಿದೆ ಅಂದರೆ? ಬಣ್ಣ ಹೋಗಿದೆ ಅಂತ. ಪಂಚೆಗೆ ಬೇಡದ್ದು ಬಂದು ಸೇರಿತು, ಸೀರೆಯಿಂದ ಬೇಕಾದದ್ದು ಹೋಯಿತು. ಎರಡಕ್ಕೂ ಒಂದೇ ಮಾತು, ವಿಚಿತ್ರ ಅಲ್ವಾ? ನನಗನಿಸುವುದು ಇಷ್ಟು: ಎರಡೂ ಕಡೆ ಹೊಳಪು ಹೋಗಿದೆ. ಈ ಮಾತು ಹಿಡಿದಿರುವುದು ಅದನ್ನೇ.

'ಮಾಸು' ದ್ರಾವಿಡ ಮಾತು. ತಿಂಗಳು ಅನ್ನುವ ಅರ್ಥದ 'ಮಾಸ' ಸಂಸ್ಕೃತದ್ದು, ಅದರ ತಂಟೆ ಇಲ್ಲಿ ಬೇಡ. ತಮಿಳಿನಲ್ಲಿ ಮಾಸು ಅಂದರೆ ಕೊಳೆ, ಕಲೆ, ದೋಷ. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿಯ ತಮಿಳು ಹೆಸರಿನಲ್ಲೂ ಈ ಮಾಸು ಇದೆ. ತೆಲುಗರು ಒಗೆಯಲು ಹಾಕಿದ ಬಟ್ಟೆಯನ್ನು 'ಮಾಸಿನ ಬಟ್ಟಲು' ಅನ್ನುತ್ತಾರೆ. ನಾವು ಇನ್ನೂ ದೂರ ಹೋದೆವು. ನಮ್ಮಲ್ಲಿ ನೆನಪೂ ಮಾಸುತ್ತದೆ, ಗಾಯವೂ ಮಾಸುತ್ತದೆ. ಗಾಯ ಮಾಸಿದರೆ ಮಾತ್ರ ಎಲ್ಲರಿಗೂ ಖುಷಿ! ಹಳ್ಳಿಯಲ್ಲಿ ಹಸು ಕರು ಹಾಕಿದರೆ, 'ಮಾಸು ಬಿತ್ತಾ?' ಅಂತ ಕೇಳುತ್ತಾರೆ. ಕರುವಿನ ಹಿಂದೆ ಬೀಳುವ ಚೀಲಕ್ಕೂ ಅದೇ ಹೆಸರು. ಅದು ಬೀಳದಿದ್ದರೆ ದನದ ಡಾಕ್ಟರಿಗೆ ಫೋನು ಹೋಗುತ್ತದೆ.

ಇನ್ನು ಮಾಸದ ಕಲೆಗಳ ವಿಷಯ. ಯಾರ ಬಟ್ಟೆ ಯಾವುದು ಅಂತ ತಿಳಿಯಲು ಮಡಿವಾಳರು ಹಿಂದೆ ಕರಿಗೇರಿನ ರಸದಿಂದ ಗುರುತು ಹಾಕುತ್ತಿದ್ದರು. ಕರಿಗೇರು ನಮ್ಮ ಗೋಡಂಬಿಯ ನೆಂಟ, ಆದರೆ ಮುಟ್ಟಿದರೆ ಮೈ ಸುಡುತ್ತದೆ. ಆ ಗುರುತು ಎಷ್ಟು ಒಗೆದರೂ ಜಗ್ಗುವುದಿಲ್ಲ.

ಚುನಾವಣೆಯ ಶಾಯಿಯೂ ಅಂಥದ್ದೇ. ಅದನ್ನು ಮಾಡುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಲೋಕಸಭಾ ಚುನಾವಣೆಯಿಂದ ಅದರ ಶಾಯಿ ಬಳಕೆಗೆ ಬಂತು. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮಕ್ಕೆ ತಗುಲಿ ಬೆಳಕು ಬಿತ್ತೆಂದರೆ ಕಪ್ಪಾಗಿ ಕೂರುತ್ತದೆ.

ಅರಿಶಿನದ ಕಲೆಯದ್ದು ಇದಕ್ಕೆ ತದ್ವಿರುದ್ಧ. ಸೋಪು ಹಾಕಿದರೆ ಕೆಂಪಾಗಿ ಹೆದರಿಸುತ್ತದೆ. ಸುಮ್ನೆ ಬಿಸಿಲಿಗೆ ಹರವಿದರೆ ತಾನೇ ಮಾಸುತ್ತದೆ. ಮತದ ಶಾಯಿಗೆ ಬಿಸಿಲೂ ಸಾಲದು, ಸೋಪೂ ಸಾಲದು. ಹಳೇ ಉಗುರು ಬೆಳೆದು, ಅದನ್ನು ಕತ್ತರಿಸಿ ಹಾಕುವವರೆಗೂ ಕಾಯಬೇಕು.

ನಮಸ್ಕಾರ.