ಮಾಸ್ಕೋಗೆ ಯಾಕೆ, ಮಿಲ್ವಾಕಿಗೆ ಬನ್ನಿ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಸಂಘಟಕರು ಕೊಟ್ಟ ವಿಷಯ ಉದ್ದ, ಸಮಯ ಗಿಡ್ಡ. 'ಅಮೆರಿಕದ ಇಂದಿನ ರಾಜಕೀಯದಲ್ಲಿ ಪ್ರಜಾಸತ್ತಾತ್ಮಕ ಸಮಾಜವಾದ' ಅಂತ ಬರೆದು ಕೆಳಗೆ ನಲವತ್ತು ನಿಮಿಷ ಅಂತ ಹಾಕಿದ್ದಾರೆ. ಸಾಗರದಲ್ಲಿ ನಿಂತು ಸಮಾಜವಾದ ಅಂದರೇನು ಅಂತ ಪಾಠ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡು ಇಲ್ಲೇ ಪಕ್ಕದಲ್ಲಿದೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಭಾಷಣ ಕಿವಿಯಾರೆ ಕೇಳಿದ ಹಿರಿಯರು ಈ ಸಭೆಯಲ್ಲೇ ಕೂತಿದ್ದಾರೆ. ಹಾಗಾಗಿ ಪೀಠಿಕೆ ಬೇಡ. ವೋಟಿನ ದಾರಿಯಲ್ಲೇ ಬರುವ, ಲಾಭಕ್ಕಿಂತ ಜನರ ಅಗತ್ಯ ಮುಂದಿಡುವ ಸಮಾಜವಾದ ಅಂತಿಟ್ಟುಕೊಳ್ಳಿ, ಸಾಕು.

ಆದರೆ ಒಂದು ಸಿಟ್ಟು ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 2025ರ ನವೆಂಬರ್‌ನಲ್ಲಿ ತಮ್ಮನ್ನು ಪ್ರಜಾಸತ್ತಾತ್ಮಕ ಸಮಾಜವಾದಿ ಅಂತ ಕರೆದುಕೊಳ್ಳುವ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದರಲ್ಲ, ಆಮೇಲೆ ನಮ್ಮ ಟಿವಿ, ವಾಟ್ಸಾಪ್ ಎರಡೂ ಕಡೆ ಒಂದೇ ಗಲಾಟೆ. ಒಬ್ಬರು 'ಅಮೆರಿಕ ಕಮ್ಯುನಿಸ್ಟರ ಕೈಗೆ ಹೋಯ್ತು' ಅಂತಾರೆ. ಇನ್ನೊಬ್ಬರು 'ಕ್ರಾಂತಿ ಬಂತು' ಅಂತಾರೆ. ಇಬ್ಬರೂ ಇದನ್ನು ಹೊರಗಿನಿಂದ ಬಂದು ಬಿದ್ದ ವಸ್ತು ಅಂತಲೇ ನೋಡುತ್ತಾರೆ. ಅಮೆರಿಕಕ್ಕೂ ಸಮಾಜವಾದಕ್ಕೂ ಎತ್ತಣಿಂದೆತ್ತಣ ಸಂಬಂಧ ಅನ್ನೋ ಧಾಟಿ. ನನ್ನ ತಕರಾರು ಇಷ್ಟೇ: ಮಮ್ದಾನಿ ಅರ್ಥ ಆಗಬೇಕಾದರೆ ಮಾಸ್ಕೋಗೆ ಹೋಗಬೇಡಿ. ಮಿಲ್ವಾಕಿಗೆ ಬನ್ನಿ.

ಮಿಲ್ವಾಕಿ ವಿಸ್ಕಾನ್ಸಿನ್ ರಾಜ್ಯದ ಊರು. ಮಿಷಿಗನ್ ಸರೋವರದ ದಡದಲ್ಲಿದೆ. ಬಿಯರ್‌ಗೆ ಹೆಸರುವಾಸಿ. ನೂರಿಪ್ಪತ್ತು ವರ್ಷದ ಹಿಂದೆ ಅಲ್ಲಿ ಬೀದಿಯಲ್ಲಿ ಜಾಸ್ತಿ ಕೇಳುತ್ತಿದ್ದುದು ಜರ್ಮನ್ ಮತ್ತು ಪೋಲಿಷ್. ಬಿಯರ್ ಕಾರ್ಖಾನೆ, ಚರ್ಮ ಹದ ಮಾಡುವ ಕಾರ್ಖಾನೆ, ಯಂತ್ರದ ಕಾರ್ಖಾನೆ. ಎಲ್ಲದರ ಕೊಳೆಯೂ ನದಿಗೆ, ನದಿ ಸರೋವರಕ್ಕೆ. ಊರಿನ ಕುಡಿಯುವ ನೀರೂ ಅದೇ ಸರೋವರದ್ದು! ಟೈಫಾಯ್ಡ್ ಬರದೆ ಇನ್ನೇನು ಬರುತ್ತೆ? ನಗರಸಭೆಯಲ್ಲಿ ಲಂಚ ಬೇರೆ. 1910ರಲ್ಲಿ ಜನ ಬೇಸತ್ತು ಸಮಾಜವಾದಿ ಪಕ್ಷದ ಎಮಿಲ್ ಸೈಡೆಲ್ ಅವರನ್ನು ಮೇಯರ್ ಮಾಡಿದರು. ಅಮೆರಿಕದ ದೊಡ್ಡ ನಗರವೊಂದಕ್ಕೆ ಮೊದಲ ಸಮಾಜವಾದಿ ಮೇಯರ್. ಕಸುಬಿನಲ್ಲಿ ಅವರು ಎರಕದ ಕೆಲಸಕ್ಕೆ ಬೇಕಾದ ಮರದ ಅಚ್ಚು ಕೆತ್ತುವವರು. ಅವರ ಕಾರ್ಯದರ್ಶಿಯಾಗಿದ್ದ ಹುಡುಗ ಯಾರು ಗೊತ್ತಾ? ಮುಂದೆ ಅಮೆರಿಕದ ದೊಡ್ಡ ಕವಿಯಾದ ಕಾರ್ಲ್ ಸ್ಯಾಂಡ್‌ಬರ್ಗ್. ಕವಿಯನ್ನು ಕಚೇರಿಯಲ್ಲಿ ಕೂರಿಸಿ ಅರ್ಜಿ ನೋಡಿಸುವ ಧೈರ್ಯ ಸಮಾಜವಾದಿಗಳಿಗೆ ಮಾತ್ರ ಇರುತ್ತೆ. ಇಲ್ಲೂ ನೋಡಿದ್ದೀವಲ್ಲ.

ಸೈಡೆಲ್ ಎರಡೇ ವರ್ಷ ಇದ್ದರು. 1912ರಲ್ಲಿ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಕಡೆಯವರು ಒಂದಾಗಿ ಸೋಲಿಸಿದರು. ಆದರೆ 1916ರಲ್ಲಿ ಡೇನಿಯಲ್ ಹೋನ್ ಬಂದರು. ಅವರು 1940ರವರೆಗೆ ಕುರ್ಚಿ ಬಿಡಲಿಲ್ಲ. ಇಪ್ಪತ್ನಾಲ್ಕು ವರ್ಷ, ಪ್ರತಿ ಸಲವೂ ಚುನಾವಣೆ ಗೆದ್ದು! ಮೊದಲ ಮಹಾಯುದ್ಧ, ರಷ್ಯದ ಕ್ರಾಂತಿ, ಆಮೇಲೆ ಕಮ್ಯುನಿಸ್ಟರ ಹೆಸರಲ್ಲಿ ಹಬ್ಬಿದ 'ಕೆಂಪು ಭಯ', 1929ರ ಷೇರುಪೇಟೆ ಕುಸಿತ, ಏನೇ ಬಂದರೂ ಮಿಲ್ವಾಕಿಯವರು ಸಮಾಜವಾದಿಗೇ ವೋಟು ಹಾಕಿದರು. ಯಾಕೆ?

ಚರಂಡಿಗೆ. ನಗಬೇಡಿ, ಇದು ಗಂಭೀರವಾದ ಮಾತು.

ಹೋನ್ ಕಾಲದಲ್ಲಿ ಜೋನ್ಸ್ ಐಲ್ಯಾಂಡ್ ಅನ್ನೋ ಜಾಗದಲ್ಲಿ ಊರಿನ ಕೊಳಚೆ ನೀರು ಶುದ್ಧ ಮಾಡುವ ದೊಡ್ಡ ಘಟಕ ಕೆಲಸ ಶುರು ಮಾಡಿತು. ಆಗ ಅದು ಹೊಸ ವಿಧಾನ. ಕೊಳಚೆಗೆ ಗಾಳಿ ಊದುತ್ತಾರೆ. ಅದರೊಳಗಿನ ಸೂಕ್ಷ್ಮಜೀವಿಗಳು ಕೊಳೆ ತಿಂದು ಬೆಳೆಯುತ್ತವೆ, ಆಮೇಲೆ ಕೆಸರಾಗಿ ತಳಕ್ಕೆ ಕೂರುತ್ತವೆ. ತಿಳಿನೀರು ಸರೋವರಕ್ಕೆ. ಆ ಕೆಸರಿಗೆ ಏನು ಮಾಡೋದು? ಒಣಗಿಸಿ, ಕಾಳು ಕಾಳಾಗಿ ಮಾಡಿ, ಮೂಟೆಗೆ ತುಂಬಿ ಗೊಬ್ಬರ ಅಂತ ಮಾರಿದರು! ಹೆಸರು ಮಿಲೋರ್ಗನೈಟ್. 1926ರಿಂದ ಮಾರಾಟ. ಇವತ್ತಿಗೂ ಅಮೆರಿಕದ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತೆ. ಮೊದಲು ಕೊಂಡವರು ಯಾರು ಅಂದರೆ ಗಾಲ್ಫ್ ಮೈದಾನದವರು. ಮಿಲ್ವಾಕಿ ಕಾರ್ಮಿಕರ ಕೇರಿಯಿಂದ ಹೊರಟದ್ದು ಸಾಹುಕಾರರ ಗಾಲ್ಫ್ ಹುಲ್ಲಿಗೆ ಹೋಗಿ ಬಿತ್ತು, ಅದರ ದುಡ್ಡು ಊರಿಗೆ ವಾಪಸ್ ಬಂತು. ವರ್ಗಸಂಘರ್ಷದ ಇತಿಹಾಸದಲ್ಲಿ ಇಷ್ಟು ಅಚ್ಚುಕಟ್ಟಾದ ಲೆಕ್ಕಾಚಾರ ನಾನು ಬೇರೆಲ್ಲೂ ಕಂಡಿಲ್ಲ.

ನ್ಯೂಯಾರ್ಕಿನ ಸಮಾಜವಾದಿಗಳಿಗೆ ಇದು ಸ್ವಲ್ಪ ಮುಜುಗರ. ಅವರು ಸಿದ್ಧಾಂತದವರು. ಈ ಮಿಲ್ವಾಕಿಯವರು ಯಾವ ಸಮ್ಮೇಳನಕ್ಕೆ ಬಂದರೂ ತಮ್ಮ ಊರಿನ ಒಳಚರಂಡಿ ಎಷ್ಟು ಚೆನ್ನಾಗಿದೆ ಅಂತಲೇ ಕೊರೆಯುತ್ತಿದ್ದರು. 1932ರಲ್ಲಿ ಪಕ್ಷದ ಸಮ್ಮೇಳನ ಮಿಲ್ವಾಕಿಯಲ್ಲೇ ನಡೆಯಿತು. ಆಗ ನ್ಯೂಯಾರ್ಕಿನ ಮಾರಿಸ್ ಹಿಲ್‌ಕ್ವಿಟ್ ಇವರನ್ನು 'ಚರಂಡಿ ಸಮಾಜವಾದಿಗಳು' ಅಂತ ಲೇವಡಿ ಮಾಡಿದರು ಅಂತ ಹೇಳುತ್ತಾರೆ. ಮಿಲ್ವಾಕಿಯವರು ಅದನ್ನೇ ಬಿರುದು ಅಂತ ಇಟ್ಟುಕೊಂಡರು.

ಇನ್ನೊಂದು ವಿಚಿತ್ರ ಹೇಳಬೇಕು. ಈ ಹೋನ್‌ಗೆ ಸಾಲ ಅಂದರೆ ಆಗುತ್ತಿರಲಿಲ್ಲ. ಬಾಂಡ್ ಮಾರಿ ರಸ್ತೆ ಮಾಡಿದರೆ ಬಡ್ಡಿ ಹೋಗೋದು ಬ್ಯಾಂಕಿನವರಿಗೆ ಅಲ್ವಾ, ಅದಕ್ಕೆ ಕೈಯಲ್ಲಿದ್ದ ದುಡ್ಡಲ್ಲೇ ಕೆಲಸ ಮಾಡೋಣ ಅನ್ನೋ ನಿಲುವು. 'ಸಮಾಜವಾದಿಗಳು ಖಜಾನೆ ಬರಿದು ಮಾಡುತ್ತಾರೆ' ಅನ್ನುವವರಿಗೆ ನಾನು ಕೊಡುವ ಉತ್ತರ ಒಂದೇ. ಮಿಲ್ವಾಕಿಗೆ ಬನ್ನಿ.

ನಮಗೂ ಆ ಸೀಮೆಗೂ ನಂಟಿದೆ. ಮಿಲ್ವಾಕಿಯಿಂದ ಸುಮಾರು 80 ಮೈಲಿ ಹೋದರೆ ಮ್ಯಾಡಿಸನ್. ಹೋನ್ ಮೇಯರ್ ಆಗಿದ್ದ ಕಾಲದಲ್ಲೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬಿಹಾರದಿಂದ ಬಂದ ಒಬ್ಬ ಹುಡುಗ ಓದುತ್ತಿದ್ದ. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡುತ್ತಾ ಓದಿದ. ಆ ಹುಡುಗ ಜಯಪ್ರಕಾಶ ನಾರಾಯಣ. ನಮ್ಮ ಜೆಪಿ ಮಾರ್ಕ್ಸ್ ಓದಿ ಮಾರ್ಕ್ಸ್‌ವಾದಿಯಾದದ್ದು ವಿಸ್ಕಾನ್ಸಿನ್‌ನಲ್ಲಿ. ಮಾಸ್ಕೋದಲ್ಲಲ್ಲ!

ಇಷ್ಟು ಹೊಗಳಿದ ಮೇಲೆ ಹುಳುಕನ್ನೂ ಹೇಳಬೇಕಾಗುತ್ತೆ. ಮಿಲ್ವಾಕಿ ಸಮಾಜವಾದಿಗಳ ದೊಡ್ಡ ನಾಯಕ ವಿಕ್ಟರ್ ಬರ್ಗರ್. ಅಮೆರಿಕದ ಸಂಸತ್ತಿಗೆ ಹೋದ ಮೊದಲ ಸಮಾಜವಾದಿ. ಯುದ್ಧ ವಿರೋಧಿಸಿದ್ದಕ್ಕೆ ಶಿಕ್ಷೆಯಾಯಿತು. 1918ರಲ್ಲಿ ಗೆದ್ದರೂ ಸದನ ಒಳಗೆ ಬಿಡಲಿಲ್ಲ. ಮಿಲ್ವಾಕಿಯವರು ಮರುಚುನಾವಣೆಯಲ್ಲಿ ಮತ್ತೆ ಅವರನ್ನೇ ಆರಿಸಿ ಕಳಿಸಿದರು. ಸದನ ಮತ್ತೆ ಬಾಗಿಲು ಹಾಕಿತು. ಇಂಥ ಗಟ್ಟಿ ಮನುಷ್ಯ. ಅದೇ ಮನುಷ್ಯ ಕಪ್ಪು ಜನ ಕೀಳು ಜನಾಂಗ ಅಂತಲೂ ಬರೆದಿದ್ದರು. ವರ್ಗ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ನಮ್ಮ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಓದಿದವರಿಗೆ ಈ ಕಾಯಿಲೆಯ ಗುರುತು ಬೇಗ ಸಿಗುತ್ತೆ. ನಮ್ಮಲ್ಲಿ ಜಾತಿಯ ವಿಷಯದಲ್ಲಿ ಎಡದವರು ಎಷ್ಟು ಕಾಲ ಕಣ್ಣುಮುಚ್ಚಿಕೊಂಡಿದ್ದರು ಅಂತ ಅವರು ಬೈಯುತ್ತಲೇ ಇದ್ದರಲ್ಲ.

ಲೋಹಿಯಾ ಅಂದ ಮೇಲೆ ಜಾಕ್ಸನ್ ಕತೆ ಹೇಳದೆ ಮುಂದೆ ಹೋಗೋಕಾಗಲ್ಲ. 1951ರಲ್ಲಿ ಕಾಗೋಡಿಗೆ ಬಂದು ಬಂಧನವಾದವರು ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದರು. ನಾನು ಹೇಳುವುದು ಎರಡನೇ ಸಲದ್ದು, 1964ರ ಮೇ. ಆಗ ಲೋಕಸಭಾ ಸದಸ್ಯರು. ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ ಒಂದು ಕೆಫೆಟೇರಿಯಾಗೆ ಊಟಕ್ಕೆ ಹೋದರು. ಬಿಳಿಯರಿಗೆ ಮಾತ್ರ, ಆಚೆ ಹೋಗಿ ಅಂದರು. ಬೇರೆಯವರಾಗಿದ್ದರೆ ಬೇರೆ ಹೋಟೆಲ್ ಹುಡುಕುತ್ತಿದ್ದರು. ಇವರು ಮಾರನೇ ದಿನ ಮತ್ತೆ ಅಲ್ಲಿಗೇ ಹೋದರು! ಪೊಲೀಸರು ವ್ಯಾನಿಗೆ ಹತ್ತಿಸಿದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಎರಡು ತಿಂಗಳೊಳಗೆ, ಇಂಥ ಬಣ್ಣಭೇದ ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಇವರಿಂದಲೇ ಬಿತ್ತು ಅಂತ ಹೇಳುತ್ತಿಲ್ಲ, ಅಷ್ಟು ಅಭಿಮಾನ ಒಳ್ಳೇದಲ್ಲ. ಆ ಕಾಯ್ದೆಗೆ ಒತ್ತಡ ತಂದವರಲ್ಲಿ ಅಮೆರಿಕದ ಸಮಾಜವಾದಿಗಳೂ ಇದ್ದರು ಅನ್ನೋದು ನನಗೆ ಮುಖ್ಯ. 1963ರ ವಾಷಿಂಗ್ಟನ್ ಮೆರವಣಿಗೆ ಅಂದರೆ ಎಲ್ಲರಿಗೂ ಮಾರ್ಟಿನ್ ಲೂಥರ್ ಕಿಂಗ್ ಅವರ 'ನನಗೊಂದು ಕನಸಿದೆ' ಭಾಷಣ ನೆನಪು. ಅದನ್ನು ಕಟ್ಟಿದ್ದು ರೈಲಿನ ಸ್ಲೀಪರ್ ಬೋಗಿಗಳ ಕಪ್ಪು ಕೆಲಸಗಾರರ ಸಂಘದ ನಾಯಕ ಫಿಲಿಪ್ ರಾಂಡಾಲ್ಫ್, ಮತ್ತು ಬೇಯಾರ್ಡ್ ರಸ್ಟಿನ್. ಇಬ್ಬರೂ ಸಮಾಜವಾದಿಗಳು. ಮೆರವಣಿಗೆಯ ಹೆಸರಲ್ಲೇ 'ಉದ್ಯೋಗ' ಮೊದಲು, 'ಸ್ವಾತಂತ್ರ್ಯ' ಆಮೇಲೆ. ಗಂಟೆಗೆ ಕನಿಷ್ಠ 2 ಡಾಲರ್ ಕೂಲಿ ಬೇಕು ಅನ್ನೋದು ಬೇಡಿಕೆಗಳಲ್ಲಿ ಒಂದು. ಕನಸಿನ ಮಾತು ಉಳಿಯಿತು, ಕೂಲಿಯ ಮಾತು ಮರೆಯಾಯಿತು.

ಡೆಬ್ಸ್ ಬಗ್ಗೆ ಉದ್ದಕ್ಕೆ ಹೇಳಬೇಕು ಅಂದುಕೊಂಡಿದ್ದೆ. ಚುಟುಕಾಗಿ ಹೇಳುತ್ತೇನೆ. ಯೂಜೀನ್ ಡೆಬ್ಸ್ ರೈಲ್ವೆ ಕಾರ್ಮಿಕ ನಾಯಕ. 1912ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ನೂರಕ್ಕೆ 6ರಷ್ಟು ವೋಟು ತಗೊಂಡರು. ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಯಾರು? ನಮ್ಮ ಮಿಲ್ವಾಕಿ ಸೈಡೆಲ್! 1918ರಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ದಕ್ಕೆ ಹತ್ತು ವರ್ಷ ಜೈಲು. 1920ರಲ್ಲಿ ಅಟ್ಲಾಂಟಾ ಜೈಲಿನ ಒಳಗಿಂದಲೇ ಮತ್ತೆ ಚುನಾವಣೆಗೆ ನಿಂತರು. 9 ಲಕ್ಷಕ್ಕೂ ಹೆಚ್ಚು ಜನ ಕೈದಿ ನಂಬರ್ 9653ಕ್ಕೆ ವೋಟು ಹಾಕಿದರು. ಮಮ್ದಾನಿ ಗೆದ್ದ ರಾತ್ರಿ ಮಾತು ಶುರು ಮಾಡಿದ್ದು ಇದೇ ಡೆಬ್ಸ್ ಅವರ ಮಾತಿನಿಂದ. ಅದೇ ಭಾಷಣದಲ್ಲಿ ನೆಹರು ಅವರ ಮಾತೂ ಬಂತು. ನಮ್ಮ ಟಿವಿಯವರು ನೆಹರು ಹೆಸರು ಹಿಡಿದುಕೊಂಡು ಎರಡು ದಿನ ಚರ್ಚೆ ಮಾಡಿದರು. ಡೆಬ್ಸ್ ಯಾರು ಅಂತ ಕೇಳಿದವರು ಕಡಿಮೆ.

ಇನ್ನು ಹೆದರಿಕೆಯ ರಾಜಕೀಯ. 1961ರಲ್ಲಿ ಅಮೆರಿಕದ ವೈದ್ಯರ ಸಂಘ ಒಂದು ಗ್ರಾಮಫೋನ್ ರೆಕಾರ್ಡ್ ಮಾಡಿಸಿತು. ವೈದ್ಯರ ಹೆಂಡತಿಯರು ಅಕ್ಕಪಕ್ಕದ ಮನೆಯವರನ್ನು ಕಾಫಿಗೆ ಕರೆಯೋದು, ರೆಕಾರ್ಡ್ ಹಾಕೋದು, ಕೇಳಿದ ಮೇಲೆ ಅವರ ಕೈಲಿ ಸಂಸದರಿಗೆ ಕಾಗದ ಬರೆಸೋದು. ವಯಸ್ಸಾದವರಿಗೆ ಸರ್ಕಾರ ವೈದ್ಯಕೀಯ ವಿಮೆ ಕೊಟ್ಟರೆ ಸಮಾಜವಾದ ಬಂದುಬಿಡುತ್ತೆ, ಸ್ವಾತಂತ್ರ್ಯ ಹೋಗುತ್ತೆ ಅಂತ ಆ ರೆಕಾರ್ಡಿನಲ್ಲಿ ಒಬ್ಬ ಸಿನಿಮಾ ನಟ ಹೇಳುತ್ತಾನೆ. ನಟನ ಹೆಸರು ರೊನಾಲ್ಡ್ ರೇಗನ್! 1965ರಲ್ಲಿ ಆ ವಿಮೆ ಮೆಡಿಕೇರ್ ಅನ್ನೋ ಹೆಸರಲ್ಲಿ ಬಂತು. ಅದೇ ರೇಗನ್ ಎಂಟು ವರ್ಷ ಅಧ್ಯಕ್ಷರಾಗಿದ್ದರು, ಮೆಡಿಕೇರ್ ಅಲ್ಲೇ ಇತ್ತು, ಈಗಲೂ ಇದೆ. ಅಧ್ಯಕ್ಷ ಟ್ರೂಮನ್ 1952ರಲ್ಲೇ ಇದನ್ನು ಹೇಳಿದ್ದರು. ಜನರಿಗೆ ಅನುಕೂಲವಾಗುವ ಏನನ್ನೇ ತಂದರೂ ಎದುರಾಳಿಗಳು ಅದಕ್ಕೆ ಸಮಾಜವಾದ ಅಂತ ಹೆಸರಿಟ್ಟು ಹೆದರಿಸುತ್ತಾರೆ ಅಂತ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇವತ್ತಿನ ವಿಷಯಕ್ಕೆ ಈಗ ಬರುತ್ತಿದ್ದೇನೆ, ಕ್ಷಮಿಸಿ.

ಬರ್ನಿ ಸ್ಯಾಂಡರ್ಸ್ ನಿಮಗೆ ಗೊತ್ತು, ಅವರೂ ಪ್ರಜಾಸತ್ತಾತ್ಮಕ ಸಮಾಜವಾದಿ. 1981ರಲ್ಲಿ ವರ್ಮಾಂಟ್‌ನ ಬರ್ಲಿಂಗ್ಟನ್ ಮೇಯರ್ ಆಗಿದ್ದು 10 ವೋಟಿನಿಂದ. ನಮ್ಮ ಗ್ರಾಮ ಪಂಚಾಯ್ತಿಯ ಲೆಕ್ಕ! ನೋಡಿ, ಇಲ್ಲೂ ಶುರುವಾಗಿದ್ದು ನಗರಸಭೆಯಿಂದಲೇ. 2016ರಲ್ಲಿ ಅಧ್ಯಕ್ಷ ಅಭ್ಯರ್ಥಿಯಾಗಲು ಹಿಲರಿ ಕ್ಲಿಂಟನ್ ವಿರುದ್ಧ ನಿಂತು 1 ಕೋಟಿ 30 ಲಕ್ಷ ವೋಟು ಪಡೆದರು. ಡೆಬ್ಸ್‌ಗೂ ಇವರಿಗೂ ವ್ಯತ್ಯಾಸ ದಾರಿಯಲ್ಲಿದೆ. ಡೆಬ್ಸ್ ಬೇರೆ ಪಕ್ಷದಿಂದ ನಿಂತರು. ಎರಡೇ ಪಕ್ಷದ ವ್ಯವಸ್ಥೆಯಲ್ಲಿ ಮೂರನೆಯದಕ್ಕೆ ಜಾಗ ಇಲ್ಲ. ಈಗಿನವರು ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೇ ನುಗ್ಗುತ್ತಾರೆ. ಅಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್ ಅಲ್ಲ, ಮತದಾರರು. ಹಾಗಾಗಿ 2018ರಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಪಕ್ಷದ ದೊಡ್ಡ ತಲೆಯನ್ನೇ ಸೋಲಿಸಿದರು. 2025ರ ಜೂನ್‌ನಲ್ಲಿ ಮಮ್ದಾನಿ ಮಾಜಿ ಗವರ್ನರ್ ಆಂಡ್ರೂ ಕೋಮೊ ಅವರನ್ನು ಸೋಲಿಸಿದರು. ಹೈಕಮಾಂಡ್ ಇಲ್ಲದ ಟಿಕೆಟ್! ನಮ್ಮ ನಾಯಕರು ಯಾರಾದರೂ ಇಲ್ಲಿದ್ದರೆ ನಿದ್ದೆ ಬರಲಿಕ್ಕಿಲ್ಲ.

ಇದನ್ನು ಪಕ್ಷವೇ ಒಪ್ಪಿಕೊಂಡಿದೆ ಅಂತಲೂ ತಿಳಿಯಬೇಡಿ. 2025ರ ನವೆಂಬರ್ 21ರಂದು ಸಂಸತ್ತಿನ ಕೆಳಮನೆ ಸಮಾಜವಾದವನ್ನು ಖಂಡಿಸಿ ನಿರ್ಣಯ ಮಾಡಿತು. 86 ಡೆಮಾಕ್ರಟರು ಅದಕ್ಕೆ ಕೈ ಎತ್ತಿದರು. ಅದೇ ದಿನ ಶ್ವೇತಭವನದಲ್ಲಿ ಟ್ರಂಪ್ ಮತ್ತು ಮಮ್ದಾನಿ ನಗುನಗುತ್ತಾ ಮಾತಾಡುತ್ತಿದ್ದರು. ರಾಜಕೀಯ ಅಂದರೆ ಇದೇ.

ಮಮ್ದಾನಿ ಕೊಟ್ಟ ಭರವಸೆಗಳು: ಪುಕ್ಕಟೆ ಬಸ್ಸು, ನಿಯಂತ್ರಿತ ಬಾಡಿಗೆ ಮನೆಗಳಿಗೆ ಬಾಡಿಗೆ ಏರಿಸದಿರುವುದು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ನಗರವೇ ನಡೆಸುವ ದಿನಸಿ ಅಂಗಡಿ. ಇದರಲ್ಲಿ ಮಾಸ್ಕೋ ಎಲ್ಲಿದೆ ಹೇಳಿ? 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಅದನ್ನು ಯಾರೂ ಸಮಾಜವಾದ ಅನ್ನಲಿಲ್ಲ, ಗ್ಯಾರಂಟಿ ಅಂದರು. ಬಾಡಿಗೆ ತಡೆಹಿಡಿಯುವುದೂ ಹೊಸದಲ್ಲ. ನ್ಯೂಯಾರ್ಕಿಗೆ ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ ಮೂರು ಸಲ ಆಗಿದೆ.

ತೊಡಕು ಇರೋದು ದುಡ್ಡಿನಲ್ಲಿ, ಅಧಿಕಾರದಲ್ಲಿ. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವವರಿಗೆ ಇನ್ನೂ ನೂರಕ್ಕೆ 2 ತೆರಿಗೆ ಹಾಕುತ್ತೇನೆ ಅಂದರು. ಆದರೆ ನಗರಕ್ಕೆ ಆದಾಯ ತೆರಿಗೆ ಏರಿಸುವ ಹಕ್ಕಿಲ್ಲ. ಅದಕ್ಕೆ ರಾಜ್ಯದ ರಾಜಧಾನಿ ಆಲ್ಬನಿ ಒಪ್ಪಬೇಕು. ಬಸ್ಸೂ ನಗರದ ಕೈಯಲ್ಲಿಲ್ಲ, ಅದನ್ನು ನಡೆಸುವ ಸಂಸ್ಥೆ ರಾಜ್ಯದ್ದು. ಬೆಂಗಳೂರಿನ ಮೇಯರ್ ಆಗಿದ್ದವರನ್ನು ಕೇಳಿ, ಈ ಪಾಡು ಅವರು ವಿವರಿಸುತ್ತಾರೆ. ಬಾಡಿಗೆ ನಿಗದಿ ಮಾಡುವ ಒಂಬತ್ತು ಜನರ ಮಂಡಳಿಗೆ ಸದಸ್ಯರನ್ನು ನೇಮಿಸೋದು ಮಾತ್ರ ಮೇಯರ್ ಕೈಯಲ್ಲಿದೆ. ಅಲ್ಲೂ ಹಳೇ ಕಟ್ಟಡಗಳ ಮಾಲೀಕರು 'ಬಾಡಿಗೆ ಏರದಿದ್ದರೆ ರಿಪೇರಿಗೆ ದುಡ್ಡೆಲ್ಲಿಂದ' ಅಂತ ಕೇಳುತ್ತಾರೆ. ಅದು ಸುಳ್ಳು ಪ್ರಶ್ನೆಯಲ್ಲ. ಹೋನ್ ಇದ್ದಿದ್ದರೆ ಆ ಲೆಕ್ಕದ ಪುಸ್ತಕ ತರಿಸಿ ಓದುತ್ತಿದ್ದರು.

ಸಂಘಟನೆ ಬಗ್ಗೆ, ಸಿಯಾಟಲ್‌ನಲ್ಲಿ ನಗರಸಭೆ ಸದಸ್ಯೆಯಾಗಿದ್ದ ಸಮಾಜವಾದಿ ಕ್ಷಮಾ ಸಾವಂತ್ 2023ರಲ್ಲಿ ತಂದ ಜಾತಿ ತಾರತಮ್ಯ ನಿಷೇಧದ ಬಗ್ಗೆ ಇನ್ನೂ ಎರಡು ಹಾಳೆ ಇದೆ. ಎರಡನೇ ಚೀಟಿಯೂ ಬಂತು. ಜಾತಿಯ ವಿಷಯ ಈ ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತೀರಿ, ಆಗ ಹೇಳುತ್ತೇನೆ. ಮೈಕು ಆ ಕಡೆ ಕೊಡಿ, ಮೊದಲು ಹೆಣ್ಣುಮಕ್ಕಳಿಗೆ.